ಹೊಂದದ ಎಂಜಿನ್

“ಕಣ್ಣು ಮುಚ್ಚು ಪುಟ್ಟಿ. ಏನು ಕೇಳಿಸುತ್ತೆ ಹೇಳು.”

ಭಾವ ಬಾನೆಟ್ಟಿನೊಳಗೆ ಕೈ ಹಾಕಿ ಆಕ್ಸಿಲರೇಟರ್ ತಂತಿಯನ್ನು ಬೆರಳಿನಿಂದಲೇ ಎಳೆದರು. ಕೆಂಪು ಸ್ಪೋರ್ಟ್ಸ್ ಕಾರು ನಿಂತಲ್ಲೇ ಮೈ ಕೊಡವಿತು. ಎಂಜಿನ್ ಗುರ್ರೆಂದು ಏರಿ, ಇಳಿಯುವಾಗ ಸಣ್ಣದೊಂದು ಸಿಳ್ಳು ಹಾಕಿತು.

ಅವಳು ಕಣ್ಣು ಮುಚ್ಚಲಿಲ್ಲ.

ಠಾಣೆಯಲ್ಲಿ ಅವಳು ಇನ್ಸ್‌ಪೆಕ್ಟರ್ ಮೇಡಂ. ಈ ಗ್ಯಾರೇಜಿನಲ್ಲಿ, ಅದರ ಬೆನ್ನಿಗೆ ಅಂಟಿಕೊಂಡ ಮನೆಯಲ್ಲಿ ಮಾತ್ರ ಇವತ್ತಿಗೂ ಪುಟ್ಟಿ. ಅಕ್ಕ ಮದುವೆಯಾಗಿ ಬರುವಾಗ ತಾಯಿಯಿಲ್ಲದ ತಂಗಿಯನ್ನೂ ಕೈಹಿಡಿದು ಕರೆತಂದಿದ್ದಳು. ಅಂದಿನಿಂದ ಭಾವನದು ಇದೇ ಆಟ. ಕಣ್ಣು ಮುಚ್ಚಿಸುವುದು, ಎಂಜಿನ್ ಕೇಳಿಸುವುದು, ಯಾವ ಸಿಲಿಂಡರ್ ತಪ್ಪಿ ಹೊಡೆಯುತ್ತಿದೆ ಹೇಳು ಎನ್ನುವುದು. ಸರಿಯಾಗಿ ಹೇಳಿದರೆ ಎಣ್ಣೆಗೈಯಲ್ಲೇ ಅವಳ ಮೂಗಿನ ತುದಿಗೊಂದು ಚುಕ್ಕೆ ಇಡುತ್ತಿದ್ದರು.

ಭಾವ ತಿದ್ದಿದ ಆ ಕಿವಿಯೇ ಅವಳನ್ನು ಈ ಮಧ್ಯಾಹ್ನ ಇಲ್ಲಿಗೆ ಎಳೆದು ತಂದಿತ್ತು. ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಸಂಗೀತದ ಮೇಷ್ಟ್ರಿಗೆ ಗುದ್ದಿ ಸಾಯಿಸಿ, ನಿಲ್ಲದೆ ಹೋದ ಬಿಳಿ ಕಾರು ಇನ್ನೂ ಸಿಕ್ಕಿರಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಹೆಡ್‌ಲೈಟಿನ ಗಾಜು ಮಾತ್ರ ಅದು ಯಾವ ಮಾದರಿಯ ಕಾರೆಂದು ಹೇಳಿತ್ತು. ಆ ಮಾದರಿಗೆ ಬರುವುದು ಒಂದೇ ಎಂಜಿನ್, ಒಂದೇ ಸಿಳ್ಳು. ಮೊನ್ನೆ ಹಲ್ಲಿನ ಡಾಕ್ಟರ ಈ ಕೆಂಪು ಕಾರು ಠಾಣೆಯ ಮುಂದೆ ಹಾದುಹೋಗಿತ್ತು. ಕೆಂಪು ಕಾರಿನ ಹೊಟ್ಟೆಯಲ್ಲಿ ಆ ಸಿಳ್ಳು ಕೇಳಿಸಿತ್ತು. ಆ ಹೊಟ್ಟೆಗೆ ಎಂಜಿನ್ ಇಟ್ಟವರು ಅವಳ ಭಾವ.

“ಏನು ಕೇಳಿಸುತ್ತೆ ಅಂತ ನಾನು ಹೇಳ್ತೀನಿ ಕೇಳಿ,” ಎಂದು ಡಾಕ್ಟರು ಮಧ್ಯೆ ಬಾಯಿ ಹಾಕಿದರು. “ನನ್ನ ನೆಮ್ಮದಿ ಕುದಿಯೋ ಸದ್ದು. ನಿನ್ನೆ ಮಾರ್ಕೆಟ್ ದಾಟೋ ಹೊತ್ತಿಗೆ ಬಾನೆಟ್ಟಿಂದ ಹೊಗೆ! ಜನ ನಿಂತು ನೋಡ್ತಾರೆ. ಒಬ್ಬ ಅಂತೂ, ‘ಡಾಕ್ಟ್ರೇ, ಇದರ ಹಲ್ಲು ನೋಡಿ, ಜ್ವರ ಬಂದಿದೆ’ ಅಂದ.”

ಡಾಕ್ಟರು ದುಂಡಗೆ, ಗಿಡ್ಡಗೆ ಇದ್ದರು. ಆ ಪುಟ್ಟ ಎರಡು ಸೀಟಿನ ಕಾರಿನೊಳಗೆ ಅವರು ಇಳಿಯುವುದೇ ಒಂದು ನೋಟ. ಆದರೆ ಕಾರೆಂದರೆ ಪಂಚಪ್ರಾಣ. ನಿನ್ನೆಯೇ ಇಲ್ಲಿ ಬಿಟ್ಟುಹೋಗಿದ್ದವರು ಇವತ್ತು ಕ್ಲಿನಿಕ್ಕಿಗೆ ಬಾಗಿಲು ಹಾಕಿ ಅದರ ಆರೋಗ್ಯ ವಿಚಾರಿಸಲು ಬಂದಿದ್ದರು.

“ಹಳೇ ಎಂಜಿನ್ ಏನಾಗಿತ್ತು ಡಾಕ್ಟ್ರೇ?” ಎಂದಳು ಅವಳು, ಮಾತಿಗೆ ಮಾತು ಎನ್ನುವ ಹಾಗೆ.

“ಜಾಮ್ ಆಗಿತ್ತಮ್ಮ. ಬೇರು ಸಮೇತ ಹೋಗಿತ್ತು, ಕೀಳದೆ ಗತಿ ಇರಲಿಲ್ಲ.”

“ಆಮೇಲೆ ಇದನ್ನ ನೀವೇ ಆರಿಸಿದ್ರಾ?”

“ನಾನೆಲ್ಲಿ! ನನಗೆ ಎಂಟು ಸಿಲಿಂಡರಿನ ಎಂಜಿನ್ ಬೇಕಿತ್ತು. ಊರೆಲ್ಲ ತಿರುಗಿ ನೋಡಬೇಕು ಅಂತ ಆಸೆ. ನಿಮ್ಮ ಭಾವ ಬೈದ್ರು. ‘ಅಷ್ಟು ಭಾರ ಮುಂದಿಟ್ರೆ ಗಾಡಿ ಮೂಗು ಮುಗ್ಗರಿಸುತ್ತೆ, ತಿರುವಿನಲ್ಲಿ ನೀವು ಎಡಕ್ಕೆ ತಿರುಗಿಸಿದ್ರೆ ಅದು ನೇರ ಹೋಗುತ್ತೆ, ಗೇರ್ ಬಾಕ್ಸು ಬಿಸ್ಕತ್ತಿನ ಹಾಗೆ ಮುರಿಯುತ್ತೆ’ ಅಂದ್ರು. ಸರಿ, ಆರು ಸಿಲಿಂಡರ್ ಹಾಕಿ ಅಂದೆ. ಉದ್ದ ಜಾಸ್ತಿ, ರೇಡಿಯೇಟರ್ ಎಲ್ಲಿಡಲಿ ನಿಮ್ಮ ತೊಡೆ ಮೇಲಾ ಅಂದ್ರು.”

“ಅದೇ ಕಂಪನಿಯ ದೊಡ್ಡ ನಾಲ್ಕು ಸಿಲಿಂಡರ್ ಇತ್ತಲ್ಲ?”

ಭಾವನ ಕೈ ತಂತಿಯ ಮೇಲೆ ನಿಂತಿತು.

“ಅದನ್ನೇ ಹಾಕ್ತೀನಿ ಅಂದಿದ್ರು!” ಎಂದರು ಡಾಕ್ಟರು. “ಹಳೇ ಬೋಲ್ಟಿಗೆ ಹಾಗೇ ಕೂರುತ್ತೆ, ಹಳೇ ಗೇರ್ ಬಾಕ್ಸಿಗೆ ಹಾಗೇ ಸೇರುತ್ತೆ, ಗಾಡಿಯ ತೂಕ ಹದವಾಗಿರುತ್ತೆ, ಇದು ಈ ಗಾಡಿಗೆ ಹೇಳಿ ಮಾಡಿಸಿದ್ದು ಅಂತ. ಅದೋ ನೋಡಿ, ಪೆಟ್ಟಿಗೆಯಲ್ಲಿ ಇನ್ನೂ ಹಾಗೇ ಇದೆ. ಒಂದು ದಿನ ಬಂದು ನೋಡ್ತೀನಿ, ಅದರ ಬದಲು ಈ ಪುಣ್ಯಾತ್ಮ ಒಳಗೆ ಕೂತಿದಾನೆ. ಕೇಳಿದ್ದಕ್ಕೆ, ‘ಇದೇ ಹಾಕ್ತೀನಿ, ಬೇಡಾಂದ್ರೆ ಗಾಡಿ ತಗೊಂಡು ಹೋಗಿ’ ಅಂದ್ರು. ಇಷ್ಟು ವರ್ಷದಲ್ಲಿ ನನ್ನ ಮೇಲೆ ಅವರು ದನಿ ಏರಿಸಿದ್ದು ಅದೇ ಮೊದಲು.”

ಗ್ಯಾರೇಜಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ದಫೇದಾರರು ನಕ್ಕರು. ಅವಳ ಠಾಣೆಯ ಹಿರಿಯರು. ಅವಳಿಗೆ ಜೀಪು ಓಡಿಸುವವರೂ ಅವರೇ. ಊಟವಾದ ಮೇಲೆ ಬೆಂಕಿಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದರು.

“ದಫೇದಾರ್ರೇ, ಆ ಕಡ್ಡಿ ಬಿಸಾಕಿ ನನ್ನ ಹತ್ರ ಬನ್ನಿ,” ಎಂದು ಡಾಕ್ಟರು ಗದರಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಯಾರದೋ ದವಡೆ ಊದಿಕೊಂಡಿತ್ತು. ಅವರು ಮಾತಾಡುತ್ತ ರಸ್ತೆಯ ಕಡೆ ನಡೆದರು.

“ಕೈ ಜಿಡ್ಡಾಗಿದೆ, ತೊಳ್ಕೊಂಡು ಬರ್ತೀನಿ ಮೇಡಂ,” ಎಂದು ದಫೇದಾರರೂ ಎದ್ದು ಮನೆಯ ಪಕ್ಕದ ಓಣಿಗೆ ಹೋದರು. ಹಿತ್ತಲಲ್ಲಿ ನಲ್ಲಿಯಿತ್ತು.

ಈಗ ಉಳಿದದ್ದು ಅವಳು, ಭಾವ, ಮತ್ತು ಆ ಎಂಜಿನ್.

ಅವಳ ನಾಲಗೆಯ ಮೇಲೆ ಅಕ್ಕನ ಅಡುಗೆಯ ರುಚಿ ಇನ್ನೂ ಆರಿರಲಿಲ್ಲ. ಅದೇ ಅವಳನ್ನು ಹಿಂಡುತ್ತಿತ್ತು. ‘ಊಟಕ್ಕೆ ಬರ್ತೀನಿ ಅಕ್ಕಾ’ ಎಂದು ಹೇಳಿ, ಸಾದಾ ಬಟ್ಟೆಯಲ್ಲಿ ಬಂದು, ಬಡಿಸಿದ್ದನ್ನೆಲ್ಲ ಉಂಡು, ಈಗ ಉಂಡ ಮನೆಯ ಮೂಲೆ ಮೂಲೆ ತಡಕುತ್ತಿದ್ದಳು. ಸಂಶಯ ಹುಟ್ಟಿದ ಕ್ಷಣವೇ ಕೇಸನ್ನು ಬೇರೆ ಅಧಿಕಾರಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿರಲಿಲ್ಲ. ನನ್ನ ಸಂಶಯ ತಪ್ಪೆಂದು ಸಾಬೀತಾಗಲಿ ಎಂಬ ಆಸೆಯಿಂದ ಬಂದಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಊಟದ ಹೊತ್ತಿನಲ್ಲಿ ಅಕ್ಕ ದಫೇದಾರರಿಗೆ ಬಡಿಸುವಾಗ ಸೌಟು ನಡುಗಿದ್ದನ್ನು ನೋಡಿದ ಮೇಲೆ ಆ ಆಸೆಗೂ ಜೀವ ಉಳಿದಿರಲಿಲ್ಲ.

ಇನ್ನೊಂದು ಕಡೆ ಮೇಷ್ಟ್ರ ಹೆಂಡತಿ. ಆಕೆ ಆಗಾಗ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಅಳುವುದಿಲ್ಲ, ಜಗಳವಾಡುವುದಿಲ್ಲ. “ಏನಾದ್ರೂ ತಿಳೀತಾಮ್ಮಾ?” ಎಂದು ಕೇಳುತ್ತಾರೆ. ಇಲ್ಲ ಎಂದರೆ, “ಆಗಲಿ, ನಿಮಗೂ ಎಷ್ಟು ಕೆಲಸ,” ಎಂದು ಅವಳನ್ನೇ ಸಮಾಧಾನ ಮಾಡಿ ಎದ್ದು ಹೋಗುತ್ತಾರೆ. ನಿನ್ನೆಯೂ ಬಂದಿದ್ದರು. ನಿನ್ನೆಯೂ ಇಲ್ಲ ಎಂದಿದ್ದಳು. ಆ ಇಲ್ಲ ಸುಳ್ಳಾಗಿತ್ತು.

“ಬಂದ್ ಮಾಡಿ ಭಾವ,” ಎಂದಳು.

ಎಂಜಿನ್ ನಿಂತಿತು. ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು.

ಅವಳು ಬಾನೆಟ್ಟಿನ ಮೇಲೆ ಬಗ್ಗಿದಳು. ಕೆಲಸ ತಿಳಿದವರಿಗೆ ಈ ಎಂಜಿನ್ ಒಂದು ಹಠದ ಹಾಗೆ ಕಾಣುತ್ತಿತ್ತು. ಅಡ್ಡ ಕೂರಬೇಕಾದದ್ದನ್ನು ಉದ್ದ ತಿರುಗಿಸಿ ಕೂರಿಸಿದ್ದರು. ಗೇರ್ ಬಾಕ್ಸಿಗೂ ಅದಕ್ಕೂ ಹೊಂದದೆ ನಡುವೆ ದಪ್ಪ ತಗಡನ್ನು ಕೊರೆದು ಸೇರಿಸಿದ್ದರು. ಹೊಗೆಕೊಳವೆ ಇರುವ ಬದಿಗೇ ಸ್ಟೀರಿಂಗ್ ಕಂಬಿ ಅಡ್ಡ ಬಂದಿದ್ದರಿಂದ ಕಂಬಿಯನ್ನು ಕತ್ತರಿಸಿ, ಕೀಲು ಹಾಕಿ, ಸುತ್ತಿ ಒಯ್ದಿದ್ದರು. ತಳದ ಎಣ್ಣೆತೊಟ್ಟಿಯನ್ನು ಕೊಯ್ದು ಹೊಸದಾಗಿ ಬೆಸೆದಿದ್ದರು. ಆದರೂ ಎತ್ತರ ಹೆಚ್ಚಾಗಿ ಬಾನೆಟ್ಟಿಗೆ ಗೂನು ಬಂದಿತ್ತು. ಇಷ್ಟೆಲ್ಲ ಮಾಡಿಯೂ ಗಾಳಿಯಾಡಲು ಜಾಗವಿರಲಿಲ್ಲ. ಕುದಿಯದೆ ಇನ್ನೇನು ಮಾಡೀತು?

ಈ ಕೈಗಳು ಜನ್ಮದಲ್ಲಿ ಇಂಥ ಕೆಲಸ ಮಾಡಿದ್ದಿಲ್ಲ. ‘ಎಂಜಿನ್ ಆರಿಸೋದು ಅಂದ್ರೆ ಶಕ್ತಿ ಆರಿಸೋದಲ್ಲ ಪುಟ್ಟಿ, ಜೊತೆ ಆರಿಸೋದು,’ ಎಂದು ಇದೇ ಭಾವ ಅವಳಿಗೆ ಎಷ್ಟು ಸಲ ಹೇಳಿದ್ದರು!

ಅವಳು ಹಲಗೆಯ ಮೇಲೆ ಮಲಗಿ ಕಾರಿನಡಿಗೆ ಜಾರಿದಳು. ಟಾರ್ಚ್ ಹಚ್ಚಿದಳು. ಎಂಜಿನ್ನನ್ನು ಗಾಡಿಗೆ ಬಿಗಿಯುವ ಎಡಬದಿಯ ಹಿಡಿಕೆಗೆ ನಾಲ್ಕು ಬೋಲ್ಟುಗಳಿದ್ದವು. ಬಲಬದಿಯ ಹಿಡಿಕೆಗೆ ಮೂರೇ. ನಾಲ್ಕನೆಯದು ಹೊಗಬೇಕಾದಲ್ಲಿ ಎಂಜಿನ್ನಿನ ತೂತಿನ ಕಿವಿಯೇ ಮುರಿದುಹೋಗಿತ್ತು. ಮುರಿದ ಅಂಚು ಹರಳುಹರಳಾಗಿ ಹೊಳೆಯುತ್ತಿತ್ತು.

ಜೇಬಿನಿಂದ ಅವಳು ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ಚೂರು. ಮೇಷ್ಟ್ರು ಬಿದ್ದಿದ್ದ ಜಾಗದಲ್ಲಿ, ಗಾಡಿ ರಸ್ತೆಯಂಚಿನ ಕಲ್ಲು ಹತ್ತಿ ಇಳಿದ ಗುರುತಿನ ಪಕ್ಕದ ಚರಂಡಿಯಲ್ಲಿ ಅವಳಿಗೆ ಸಿಕ್ಕಿದ್ದು. “ಯಾವುದೋ ಪಂಪಿನ ಚೂರು, ಬಿಸಾಕಿ ಮೇಡಂ,” ಎಂದಿದ್ದರು ದಫೇದಾರರು. ಅವಳು ಬಿಸಾಕಿರಲಿಲ್ಲ.

ಕವರಿನ ಮೇಲಿಂದಲೇ ಚೂರನ್ನು ಮುರಿದ ಜಾಗಕ್ಕೆ ಹಿಡಿದಳು. ಒಮ್ಮೆ ತಿರುಗಿಸಿದಳು.

ಚೂರು ಕೂತಿತು. ಕೂದಲೆಳೆಯ ಸಂದೂ ಉಳಿಯಲಿಲ್ಲ.

ಅವಳು ಅಲ್ಲೇ ಮಲಗಿಕೊಂಡಳು. ಕಾರಿನ ಕೆಳಗಿನಿಂದ ಭಾವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಒಂದು ಚಪ್ಪಲಿಯ ಉಂಗುಷ್ಠಕ್ಕೆ ತಂತಿ ಸುತ್ತಿದ್ದರು. ಊರಿನವರ ಗಾಡಿಯೆಲ್ಲ ರಿಪೇರಿ ಮಾಡುವವರು, ತಮ್ಮ ಚಪ್ಪಲಿಗೆ ಹೊಲಿಗೆ ಹಾಕಿಸುವುದಿಲ್ಲ ಎಂದು ಅಕ್ಕ ಯಾವಾಗಲೂ ಗೊಣಗುತ್ತಾಳೆ.

“ಸಿಕ್ಕಿತಾ?” ಎಂದರು ಭಾವ ಮೇಲಿನಿಂದ.

ಅವಳು ಹೊರಗೆ ಜಾರಿ ಎದ್ದು ನಿಂತಳು. ಬೆನ್ನಿಗೆ ಅಂಟಿದ ಮಣ್ಣನ್ನು ಕೊಡವಲು ಭಾವ ಕೈ ಚಾಚಿದರು. ಅಭ್ಯಾಸಬಲ. ಅವಳು ಹಿಂದೆ ಸರಿದಳು. ಆ ಕೈ ಹಾಗೇ ಗಾಳಿಯಲ್ಲಿ ನಿಂತು, ಆಮೇಲೆ ಕೆಳಗಿಳಿಯಿತು.

“ಈ ಎಂಜಿನ್ ಎಲ್ಲಿಂದ ಬಂತು ಭಾವ?”

“ನಿನಗೆ ಗೊತ್ತಿದೆಯಲ್ಲ.”

“ನಿಮ್ಮ ಬಾಯಿಂದ ಬರಬೇಕು.”

ಭಾವ ಪಕ್ಕದ ಸ್ಟೂಲಿನ ಮೇಲೆ ಕೂತರು. “ಹಿಂದಿನ ಶೆಡ್ಡಲ್ಲಿ ಹೊದಿಕೆ ಕೆಳಗೆ ಒಂದು ಬಿಳೀ ಗಾಡಿ ಇತ್ತು, ನೀನು ನೋಡಿರಲಿಲ್ಲ, ಗುಜರಿಯಿಂದ ತಂದು ಬಿಡುವಾದಾಗ ನಾನು ರೆಡಿ ಮಾಡ್ತಿದ್ದದ್ದು. ಅದರದ್ದು.”

“ಗಾಡಿ ಎಲ್ಲಿ?”

“ಇಲ್ಲ. ಕತ್ತರಿಸಿದೆ. ತುಂಡುತುಂಡು ಮಾಡಿ ಕರಗಿಸೋಕೆ ಕಳಿಸ್ದೆ.”

“ಮೇಷ್ಟ್ರು ಸತ್ತ ಮೇಲೆ.”

“ಹ್ಞೂಂ.”

ಅಷ್ಟು ಸಣ್ಣ ಹ್ಞೂಂ. ತಾನು ಇನ್ಸ್‌ಪೆಕ್ಟರ್ ಎಂದು ನೆನಪಿಸಿಕೊಳ್ಳಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

“ಎಲ್ಲಾ ಕರಗಿಸಿದೋರು ಇದೊಂದನ್ನ ಯಾಕೆ ಉಳಿಸಿದ್ರಿ? ತಲೆ ನೆಟ್ಟಗಿರೋರು ಯಾರಾದ್ರೂ ಇದನ್ನ ಊರಲ್ಲಿ ಓಡಾಡೋ ಗಾಡಿಗೆ ಹಾಕ್ತಾರಾ? ಅದೂ ಇಂಥಾ ಕೆಂಪು ಗಾಡಿಗೆ? ಪಕ್ಕದಲ್ಲಿ ಸರಿಯಾದ ಎಂಜಿನ್ ಇಟ್ಕೊಂಡು?”

“ಹಾಕೋದಿಲ್ಲ.”

“ಮತ್ತೆ? ನಂಬರ್ ಕೂಡ ಉಜ್ಜಿಲ್ಲ ನೀವು. ಕಣ್ಣಿಗೆ ಹೊಡೆಯೋ ಹಾಗಿದೆ.”

“ಉಜ್ಜೋಕೆ ಕೈ ಬರಲಿಲ್ಲ.” ಭಾವ ಅಂಗೈ ನೋಡಿಕೊಂಡರು. “ಕರಗಿಸೋಕೆ ಎತ್ತಿಹಾಕೋವಾಗ ಮೇಷ್ಟ್ರ ಹೆಂಡತಿ ಕಣ್ಣಮುಂದೆ ಬಂದ್ರು. ಇದೂ ಹೋದ್ರೆ ಆಯಮ್ಮನಿಗೆ ಯಾವತ್ತೂ ಗೊತ್ತಾಗೋದೇ ಇಲ್ಲ ಅನ್ನಿಸ್ತು. ಬಾಯಿಬಿಟ್ಟು ಹೇಳೋಕೆ ಧೈರ್ಯ ಇಲ್ಲ, ನುಂಗಿಕೊಂಡು ಇರೋಕೂ ಆಗಲಿಲ್ಲ. ಡಾಕ್ಟರ ಗಾಡಿ ಖಾಲಿ ನಿಂತಿತ್ತು. ಇದನ್ನ ಹಾಕ್ದೆ.”

“ಯಾಕೆ?”

“ಈ ಊರಲ್ಲಿ ಈ ಗಾಡಿ ನೋಡಿ, ಇದ್ಯಾಕೆ ಈ ಎಂಜಿನ್ ಅಂತ ಕೇಳೋರು ಒಬ್ಬರೇ ಪುಟ್ಟಿ. ಅವರಿಗೆ ಕೇಳೋದು ಕಲಿಸಿದ್ದು ನಾನೇ.”

ತಾನು ಬೇಟೆಯಾಡಲು ಬಂದಿದ್ದೇನೆ ಎಂದುಕೊಂಡಿದ್ದಳು. ಇವರು ಇಷ್ಟು ದಿನ ಬಾಗಿಲು ತೆರೆದಿಟ್ಟುಕೊಂಡು ಅವಳಿಗಾಗಿ ಕಾದು ಕೂತಿದ್ದರು. ಅವಳು ಠಾಣೆಯಲ್ಲಿ ಗಾಜಿನ ಚೂರು ಜೋಡಿಸುತ್ತಿದ್ದಾಗ, ಇವರು ಇಲ್ಲಿ ಒಬ್ಬರೇ ಕಬ್ಬಿಣ ಕೊರೆಯುತ್ತ, ಹೊಂದದ್ದನ್ನು ಹೊಂದಿಸುತ್ತ, ಹೇಳಲಾರದ ಮಾತನ್ನು ಬೋಲ್ಟು ಬೋಲ್ಟಾಗಿ ಬಿಗಿಯುತ್ತ ಇದ್ದರು. ಎಷ್ಟು ಭಾನುವಾರ ಅವಳು ಇಲ್ಲಿಗೆ ಬಂದು, ಉಂಡು, ಅವರ ಮುಖ ನೋಡದೆ ಎದ್ದುಹೋಗಿದ್ದಳೋ!

“ಕುಡಿದಿದ್ರಾ?” ಎಂದಳು. “ಯಾಕೆ ನಿಲ್ಲಿಸಲಿಲ್ಲ ಭಾವ? ಆಸ್ಪತ್ರೆಗೆ ಸೇರಿಸಿದ್ರೆ ಮೇಷ್ಟ್ರು ಬದುಕ್ತಿದ್ರು. ಪೋಸ್ಟ್‌ಮಾರ್ಟಮ್ ರಿಪೋರ್ಟಲ್ಲೇ ಹಾಗೆ ಬರೆದಿದಾರೆ.”

ಭಾವ ಬೆರಳಿನ ಜಿಡ್ಡನ್ನು ಬಟ್ಟೆಗೆ ಒರೆಸುತ್ತ ಕೂತರು.

“ಮಾತಾಡಿ!”

“ಓಡಿಸ್ತಿದ್ದದ್ದು ನಾನಲ್ಲ.”

“ಮತ್ಯಾರು?”

“ಅದನ್ನ ನನ್ನ ಬಾಯಿಂದ ಹೊರಡಿಸಬೇಡ. ಎಂಜಿನ್ ತೋರಿಸ್ದೆ. ಅಷ್ಟೇ ನನ್ನ ಕೈಲಾಗೋದು. ಹೆಸರು ಹೇಳು ಅಂದ್ರೆ ನನ್ನ ಹೆಸರೇ ಬರ್ಕೋ.”

“ಅವತ್ತು ಸಂಜೆ ಗಾಡಿ ಯಾರು ತಗೊಂಡು ಹೋದ್ರು?”

ಭಾವನ ಕಣ್ಣು, ಅವರಿಗೆ ತಿಳಿಯದೆಯೇ, ಅಡುಗೆಮನೆಯ ಬಾಗಿಲ ಕಡೆ ಹೋಗಿ ಬಂತು.

ಅಷ್ಟೇ ಸಾಕಾಯಿತು. ಬಡಿಸುವಾಗ ನಡುಗಿದ ಸೌಟು. ಈಚೆಗೆ ಬಟ್ಟೆ ಜೋತು ಬೀಳುವಷ್ಟು ಇಳಿದುಹೋದ ಅಕ್ಕನ ಮೈ. ಕೇಸು ಏನಾಯಿತು ಎಂದು ಒಮ್ಮೆಯೂ ಕೇಳದ ಅಕ್ಕ. ಊರಿನ ಸಣ್ಣಪುಟ್ಟ ಕಳ್ಳತನವನ್ನೂ ಕೆದಕಿ ಕೆದಕಿ ಕೇಳುವವಳು.

ಅವಳು ಅಡುಗೆಮನೆಯ ಬಾಗಿಲು ತಳ್ಳಿದಳು. ಅಕ್ಕ ಬಾಗಿಲಿನ ಹಿಂದೆಯೇ ನಿಂತಿದ್ದಳು. ಕೈಯಲ್ಲಿ ಟೀ ತಟ್ಟೆ. ಲೋಟಗಳಲ್ಲಿ ಟೀ ಆರಿ ಕೆನೆಗಟ್ಟಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅಕ್ಕಾ, ಅವತ್ತು ಬಿಳೀ ಗಾಡಿ ತಗೊಂಡು ಹೋದದ್ದು ನೀನಾ?”

ಅಕ್ಕ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಹೌದು ಪುಟ್ಟಿ, ನಾನೇ.”

ಹಿಂದೆಯೇ ಬಂದಿದ್ದ ಭಾವ ಬಾಗಿಲ ಚೌಕಟ್ಟಿಗೆ ಒರಗಿದರು. “ಬೇಡ ಕಣೇ,” ಎಂದರು. “ಏನೂ ಹೇಳಬೇಡ. ನಾನಿದೀನಿ.”

“ಹೇಳಿಬಿಡ್ತೀನಿ ರೀ. ಇನ್ನೆಷ್ಟು ದಿನ ನಿಮ್ಮನ್ನ ಹೀಗೆ ನೋಡ್ಕೊಂಡಿರಲಿ?” ಅಕ್ಕ ತಂಗಿಯ ಕಡೆ ತಿರುಗಿದಳು. “ತಗೊಂಡು ಹೋದದ್ದು ನಾನು. ಆದ್ರೆ ವಾಪಸ್ ತರೋವಾಗ ಆಗಿದ್ದು ಅದು. ಕತ್ತಲಲ್ಲಿ ಇವರಿಗೆ ಕಣ್ಣು ಮಂಜು ಪುಟ್ಟಿ. ಕನ್ನಡಕ ಮಾಡಿಸ್ಕೊಳ್ಳಿ ಅಂತ ಎಷ್ಟು ಬಡ್ಕೊಂಡೆ. ಬೇಕೂಂತ ಮಾಡಿಲ್ಲ ಇವರು, ಹೆದರಿ ಬಂದುಬಿಟ್ಟಿದಾರೆ. ಹಿಡಿಯೋದಾದ್ರೆ ನನ್ನ ಹಿಡಿ. ಗಾಡಿ ಅಲ್ಲಿ ಬಿಟ್ಟುಬಂದು, ಹೋಗಿ ತನ್ನಿ ಅಂತ ಕಳಿಸಿದ್ದು ನಾನು.”

“ಏನಂದೆ?” ಎಂದರು ಭಾವ.

“ಇನ್ನೇನು ರೀ, ಅವಳಿಗೆ ಎಲ್ಲಾ ಗೊತ್ತಾಗಿದೆ.”

“ನಾನಾ? ನಾನು ತಂದ್ನಾ ಗಾಡಿ?”

ಅಕ್ಕ ಗಂಡನ ಮುಖ ನೋಡಿದಳು. ಗಂಡ ಹೆಂಡತಿಯ ಮುಖ ನೋಡಿದರು.

“ಗಾಡಿ ಅಲ್ಲೇ ಇದೆ, ಹೋಗಿ ತನ್ನಿ ಅಂದೆನಲ್ಲ ಬಂದ ತಕ್ಷಣ,” ಎಂದಳು ಅಕ್ಕ. “ನೀವು ಹ್ಞೂಂ ಅಂದ್ರಿ.”

“ಯಾವಾಗ?”

“ನೀವು ಕಬ್ಬಿಣ ಉಜ್ಜುತಿದ್ರಿ...”

“ಗ್ರೈಂಡರ್ ಸದ್ದಲ್ಲಿ ನನಗೇನು ಕೇಳಿಸುತ್ತೆ? ಹ್ಞೂಂ ಅಂದೆ, ಅಷ್ಟೇ.” ಭಾವನ ದನಿ ಇಳಿದಿತ್ತು. “ನಾನು ಎಲ್ಲಿಗೂ ಹೋಗ್ಲಿಲ್ಲ ಕಣೇ. ಬೆಳಿಗ್ಗೆ ಶೆಡ್ಡಿಗೆ ಹೋದ್ರೆ ಗಾಡಿ ಮೂತಿ ಒಡ್ಕೊಂಡು ನಿಂತಿತ್ತು. ಕೆಳಗೆ ಎಣ್ಣೆ ಸೋರಿತ್ತು. ನೀನು ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿ ಅಳ್ತಿದ್ದೆ. ನಾನು... ನೀನು ಅಂದ್ಕೊಂಡೆ.”

“ಹಾಲಿನವನು ಬಂದು ಮೇಷ್ಟ್ರ ಸುದ್ದಿ ಹೇಳಿದ. ಕಿಟಕಿಯಿಂದ ನೋಡ್ತೀನಿ, ನೀವು ಶೆಡ್ಡಲ್ಲಿ ಆ ಗಾಡಿ ಮುಂದೆ ನಿಂತಿದೀರಿ. ಅದಕ್ಕೇ ಅಳ್ತಿದ್ದೆ.”

“ನನ್ನ ಒಂದು ಮಾತು ಕೇಳಬಾರದಿತ್ತಾ?”

“ನೀವು ಕೇಳಿದ್ರಾ?”

ಅಷ್ಟು ತಿಂಗಳು ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ, ಭಾವ ಅಕ್ಕನನ್ನು ಕಾಪಾಡುತ್ತಿದ್ದರು, ಅಕ್ಕ ಭಾವನನ್ನು ಕಾಪಾಡುತ್ತಿದ್ದಳು. ಮಾಡದ ತಪ್ಪನ್ನು ಇಬ್ಬರೂ ಹೊತ್ತು, ಒಬ್ಬರಿಗೊಬ್ಬರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಭಾವ ನಿಧಾನವಾಗಿ ಕೈ ಚಾಚಿ ಅಕ್ಕನ ತೋಳು ಹಿಡಿದರು. ಅಕ್ಕ ಮುಖ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎದೆಯ ಮೇಲಿನ ಬಂಡೆ ಇಳಿಯಿತು ಎನ್ನುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೇನೋ ತಣ್ಣಗೆ ಬಂದು ಕೂತಿತು.

ಶೆಡ್ಡಿಗೆ ಬೀಗವಿಲ್ಲ, ಬರೀ ಚಿಲಕ. ಅದು ಈ ಮನೆಗೆ ಬಂದುಹೋಗುವವರಿಗೆಲ್ಲ ಗೊತ್ತು. ರಾತ್ರಿ ಅವರಲ್ಲಿ ಯಾರು ಬೇಕಾದರೂ ಗಾಡಿ ತಂದು ನಿಲ್ಲಿಸಿ ಹೋಗಬಹುದಿತ್ತು.

“ಅಕ್ಕಾ, ಗಾಡಿ ಎಲ್ಲಿ ಬಿಟ್ಟುಬಂದೆ?”

ಅಕ್ಕ ಕಣ್ಣೊರೆಸಿಕೊಂಡಳು. “ನಿನ್ನ ಠಾಣೆ ಮುಂದೆ.”

“ಯಾಕೆ?”

“ಮಗಳಿಗೆ ಒಂದು ಗಾಡಿ ನೋಡ್ತಿದೀನಿ, ಇದನ್ನ ಒಂದು ಸುತ್ತು ಓಡಿಸಿ ನೋಡಬೇಕು ಅಂತ ಕೇಳ್ತಾನೇ ಇದ್ರು. ನಿನ್ನ ಜೊತೆ ಕೆಲಸ ಮಾಡೋರು, ನಿನ್ನ ಚೆನ್ನಾಗಿ ನೋಡ್ಕೊಳ್ಳಲಿ ಅಂತ ನಾನೇ ತಗೊಂಡು ಹೋಗಿ ಕೀ ಕೊಟ್ಟೆ. ‘ಒಂದು ಸುತ್ತು ಹೊಡೆದು ಇಲ್ಲೇ ನಿಲ್ಲಿಸಿರ್ತೀನಮ್ಮ, ಯಜಮಾನ್ರು ಬಂದು ಒಯ್ಯಲಿ’ ಅಂದ್ರು. ಆಮೇಲೆ ಇಷ್ಟು ದಿನ ಯಾರಿಗೂ ಹೇಳದೆ ನಮ್ಮನ್ನ ಕಾಪಾಡ್ತಿದಾರೆ ಅಂದ್ಕೊಂಡಿದ್ದೆ.”

“ಯಾರು?”

ಹೆಸರು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಅವಳ ಜೊತೆ ನಿಂತು ಆ ರಸ್ತೆಯನ್ನು ಟೇಪಿನಲ್ಲಿ ಅಳೆದವರು. ಮೇಷ್ಟ್ರ ಹೆಂಡತಿಗೆ ಬೆಂಚು ತೋರಿಸಿ ನೀರು ಕೊಟ್ಟವರು. ಇವತ್ತು ಇದೇ ಮನೆಯಲ್ಲಿ ಎರಡನೇ ಸಲ ಬಡಿಸಿಕೊಂಡು ಉಂಡವರು. ಅವರನ್ನು ಇಲ್ಲಿಗೆ ಕರೆತಂದದ್ದು ತಾನು.

“ನಿಮ್ಮ ದಫೇದಾರ್ರು,” ಎಂದಳು ಅಕ್ಕ.

ಅಡುಗೆಮನೆಯ ಕಿಟಕಿ ತೆರೆದಿತ್ತು. ಅದರ ಹೊರಗೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಹಿತ್ತಲ ನಲ್ಲಿ. ಯಾರೋ ತಿರುಗಿಸಿ ನಿಲ್ಲಿಸದೆ ಹೋದ ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು.

ಅವಳು ಕಿಟಕಿಗೆ ಹಾರಿದಳು. ಹಿತ್ತಲಲ್ಲಿ ಯಾರೂ ಇಲ್ಲ.

ಗ್ಯಾರೇಜಿನಿಂದ ಬಾನೆಟ್ ಧಡ್ಡೆಂದು ಮುಚ್ಚಿದ ಸದ್ದು ಬಂತು. ಅದರ ಬೆನ್ನಿಗೇ ಎಂಜಿನ್ ಎದ್ದಿತು.

ಮೂವರೂ ಹೊರಗೆ ಓಡಿದರು. ಗ್ಯಾರೇಜು ಖಾಲಿ. ರಸ್ತೆಯಂಚಿನಲ್ಲಿ ಹಲ್ಲಿನ ಡಾಕ್ಟರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈ ಬೀಸುತ್ತ ನಿಂತಿದ್ದರು.

“ನೋಡಿ, ನಿಮ್ಮ ದಫೇದಾರ್ರಿಗೂ ನನ್ನ ಗಾಡಿ ಹುಚ್ಚು ಹಿಡೀತು!” ಎಂದರು ಖುಷಿಯಿಂದ. “‘ಒಂದು ಸುತ್ತು ಹೊಡೆದು ಬರ್ತೀನಿ ಡಾಕ್ಟ್ರೇ, ಮೇಡಂ ಹೇಳಿದಾರೆ’ ಅಂದ್ರು. ಪಾಪ, ಮುಖ ಯಾಕೋ ಬಿಳುಚಿಕೊಂಡಿತ್ತು. ಊಟ ಜಾಸ್ತಿ ಆಯ್ತೇನೋ.”

ಅವಳು ಜೀಪಿನ ಕಡೆ ಓಡಿದಳು. ಕೀ ಇರಲಿಲ್ಲ. ಅದೂ ಅವರ ಜೇಬಿನಲ್ಲಿ ಹೋಗಿತ್ತು. ಚೂರು ತನ್ನ ಜೇಬಿನಲ್ಲಿದೆ. ಆದರೆ ಆ ಎಂಜಿನ್ ಇಲ್ಲದಿದ್ದರೆ ಅದು ಬರೀ ಒಂದು ಚೂರು. ಠಾಣೆಗೆ ಫೋನು ಮಾಡಿ ನಾಕಾಬಂದಿ ಹಾಕಿಸಬೇಕು, ಊರ ಬಾಗಿಲಲ್ಲೇ ಹಿಡಿಯಬೇಕು ಎಂದುಕೊಳ್ಳುತ್ತ ಫೋನು ತೆಗೆದಳು.

“ಪುಟ್ಟಿ,” ಎಂದರು ಭಾವ.

ಆ ದನಿಗೆ ಅವಳು ತಿರುಗಿದಳು. ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಅವರು ಗ್ಯಾರೇಜಿನ ಮೂಲೆಯನ್ನು ತೋರಿಸುತ್ತಿದ್ದರು. ಅಲ್ಲಿ ನೆಲದ ಮೇಲೆ ಒಂದು ಡಬ್ಬಿ. ಅದರ ತುಂಬ ಕಪ್ಪಗಾದ ಎಣ್ಣೆ.

“ಬೆಳಿಗ್ಗೆ ಬ್ರೇಕಿನ ಎಣ್ಣೆ ಪೂರ್ತಿ ಇಳಿಸಿದ್ದೆ,” ಎಂದರು. “ಈ ಎಂಜಿನ್ನಿನ ಕಾವಿಗೆ ಪೈಪು ಸುಟ್ಟುಹೋಗಿತ್ತು. ಹೊಸಾ ಪೈಪ್ ಹಾಕಿ ತುಂಬಿಸೋಣ ಅಂತಿದ್ದೆ, ಅಷ್ಟರಲ್ಲಿ ನೀವು ಊಟಕ್ಕೆ ಬಂದ್ರಿ. ಅದಕ್ಕೆ ಬ್ರೇಕ್ ಇಲ್ಲ ಪುಟ್ಟಿ.”

ಗ್ಯಾರೇಜಿನ ಮುಂದಿನ ರಸ್ತೆ ಇಳಿಜಾರು. ಇಳಿದು ಮುಗಿಯುವುದು ಶಾಲೆಯ ಗೇಟಿನ ಮುಂದೆ. ಈಗಷ್ಟೇ ಗಂಟೆ ಬಾರಿಸಿ, ಮಕ್ಕಳ ಗದ್ದಲ ಗಾಳಿಯಲ್ಲಿ ತೇಲಿ ಬರುತ್ತಿತ್ತು.

ಅವಳು ಫೋನು ಕಿವಿಗೊತ್ತಿಕೊಂಡೇ ಓಡತೊಡಗಿದಳು. ಹಿಂದಿನಿಂದ ಭಾವನ ಚಪ್ಪಲಿಯ ಸದ್ದು, ಅದರ ಹಿಂದೆ ಅಕ್ಕನ ಕೂಗು. ಮೊದಲ ತಿರುವು ದಾಟುವಷ್ಟರಲ್ಲಿ ಕೆಳಗಿನಿಂದ ಹಾರನ್ ಕೇಳಿಸಿತು. ಬಿಟ್ಟು ಬಿಟ್ಟು ಹೊಡೆದದ್ದಲ್ಲ. ಒತ್ತಿದ ಕೈ ತೆಗೆಯದೆ, ಒಂದೇ ಸಮನೆ, ದಾರಿ ಬಿಡಿ, ದಾರಿ ಬಿಡಿ ಎನ್ನುವ ಹಾಗೆ.